ಫುಟ್‌ಬಾಲ್ ವಿಶ್ವಕಪ್ ಟಿಕೆಟ್: ಕೆಜಿಎಫ್‌ನಿಂದ ಹೊರಟ ಅಪ್ಪ-ಮಗನಿಗೆ ಒಂದು ಉತ್ತರ

ಪ್ರಶ್ನೆ: ಸರ್, ನಾನು ಕೋಲಾರ ಜಿಲ್ಲೆ ಕೆಜಿಎಫ್‌ನವನು, ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮಪ್ಪ 2001ರಲ್ಲಿ ಮುಚ್ಚುವ ತನಕ ಗಣಿಯಲ್ಲಿದ್ದವರು. 1986ರಲ್ಲಿ ದೂರದರ್ಶನದಲ್ಲಿ ಮರಡೋನಾ ಆಟ ನೋಡಿದಾಗಿನಿಂದ ಅವರಿಗೆ ಅರ್ಜೆಂಟೀನಾ ಅಂದ್ರೆ ಪ್ರಾಣ. ಈ 2026ರ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆಯುವ ವಿಶ್ವಕಪ್‌ಗೆ ಅವರನ್ನು ಕರೆದುಕೊಂಡು ಹೋಗಬೇಕು ಅಂತ ಆಸೆ. ಜನವರಿಗೆ ಮುಗಿದ ಲಾಟರಿಯಲ್ಲಿ ಡಲ್ಲಾಸ್‌ನ ಅರ್ಜೆಂಟೀನಾ–ಆಸ್ಟ್ರಿಯಾ ಪಂದ್ಯಕ್ಕೆ ಎರಡು ಟಿಕೆಟ್ ಕೇಳಿದ್ದೆ, ಸಿಗಲಿಲ್ಲ. ಈಗ ಬೆಂಗಳೂರಿನ ಒಬ್ಬರು ವಾಟ್ಸಾಪ್ ಗುಂಪಿನಲ್ಲಿ, 'ಏಜೆಂಟ್ ಕೋಟಾದಲ್ಲಿ ಎರಡು ಟಿಕೆಟ್ ಇದೆ, 60 ಸಾವಿರ ಅಡ್ವಾನ್ಸ್ ಹಾಕಿ, ಟಿಕೆಟ್ ತೋರಿಸಿದ್ರೆ ವೀಸಾ ತಾನಾಗೇ ಸಿಗುತ್ತೆ' ಅಂತಿದ್ದಾರೆ. ನನಗೆ ಪಾಸ್‌ಪೋರ್ಟ್ ಇದೆ, ಅಪ್ಪನಿಗೆ ಇಲ್ಲ. ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ಅಪ್ಪನಿಗೆ ಮಂಡಿ ನೋವು ಬೇರೆ. ಟಿಕೆಟ್ ಹೇಗೆ ತಗೊಳ್ಳೋದು, ಒಟ್ಟು ಎಷ್ಟಾಗುತ್ತೆ?

ಉತ್ತರ: ಮೊದಲು ಆ 60 ಸಾವಿರದ ವಿಷಯ ಮುಗಿಸೋಣ. ಹಾಕಬೇಡಿ. ಈಗಾಗಲೇ ಹಾಕಿಬಿಟ್ಟಿದ್ದರೆ, ಮುಂದಕ್ಕೆ ಓದುವ ಮೊದಲು 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ದೂರಿಗೆಂದೇ ಇರುವ ಸಂಖ್ಯೆ ಅದು. ಬೇಗ ಹೇಳಿದಷ್ಟೂ ದುಡ್ಡನ್ನು ಆ ಕಡೆಯ ಖಾತೆಯಲ್ಲೇ ತಡೆಯುವ ಅವಕಾಶ ಜಾಸ್ತಿ.

'ಏಜೆಂಟ್ ಕೋಟಾ' ಅನ್ನುವುದು ಈ ಟೂರ್ನಿಯಲ್ಲಿ ಇಲ್ಲ. ಸಾಮಾನ್ಯ ಟಿಕೆಟ್ಟನ್ನು ಫಿಫಾ ತನ್ನ ಸೈಟಿನಲ್ಲಿ ತಾನೇ ಮಾರುತ್ತದೆ. ಇನ್ನೊಂದು ಪಾಲು ಆಡುವ ದೇಶಗಳ ಫುಟ್‌ಬಾಲ್ ಸಂಸ್ಥೆಗಳಿಗೆ ಹೋಗುತ್ತದೆ. ಅವರು ಅದನ್ನು ತಮ್ಮ ಅಭಿಮಾನಿಗಳಿಗೆ ಕೊಡುತ್ತಾರೆ. ನಮ್ಮ ದೇಶ ಆ ಪಟ್ಟಿಯಲ್ಲೇ ಇಲ್ಲವಲ್ಲ. 2024ರ ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ವಿರುದ್ಧ 2–1ರಲ್ಲಿ ಸೋತಾಗಲೇ ನಮ್ಮ ದಾರಿ ಮುಚ್ಚಿತು. ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ಹೊಡೆದ ಗೋಲ್ ಕೊಟ್ಟಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಅದಿರಲಿ. ಹೀಗಾಗಿ ಭಾರತದ ಹೆಸರಿನಲ್ಲಿ ಯಾರ ಕೈಯಲ್ಲೂ ಟಿಕೆಟ್ ಕಟ್ಟು ಇರುವುದಕ್ಕೆ ಕಾರಣವೇ ಇಲ್ಲ. ಊಟ, ಲಾಂಜ್ ಸೇರಿಸಿ ಮಾರುವ ಹಾಸ್ಪಿಟಾಲಿಟಿ ಪ್ಯಾಕೇಜ್ ಅಂತ ಒಂದಿದೆ. ಅದನ್ನು ಮಾರುವ ಹಕ್ಕು ಆನ್ ಲೊಕೇಷನ್ ಎಂಬ ಕಂಪನಿಗೆ ಸಿಕ್ಕಿದೆ. ಅದು ನಿಜವಾದದ್ದೇ. ಆದರೆ ಒಬ್ಬರಿಗೆ ಸಾವಿರ ಡಾಲರ್ ಮೇಲಿನ ಮಾತು. ವಾಟ್ಸಾಪ್ ಗುಂಪಿನಲ್ಲಿ ಯುಪಿಐ ನಂಬರ್ ಕೊಟ್ಟು ಮಾರುವ ಸರಕಲ್ಲ.

ಇನ್ನೊಂದು ಗುರುತು ಹೇಳುತ್ತೇನೆ. ಈ ಸಲದ ಟಿಕೆಟ್ ಕಾಗದದಲ್ಲಿ ಇಲ್ಲ, ಪಿಡಿಎಫ್‌ನಲ್ಲೂ ಇಲ್ಲ. ಫೋನಿನ ಆ್ಯಪ್‌ನಲ್ಲಿ, ಯಾರ ಫಿಫಾ ಖಾತೆಯಲ್ಲಿದೆಯೋ ಅವರಿಗೆ ಮಾತ್ರ ಕಾಣುತ್ತದೆ. ಆ ಮನುಷ್ಯ ಟಿಕೆಟ್‌ನ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ಕಳಿಸಿದರೆ, ನೋಡಿ ಅಳಿಸಿಹಾಕಿ. 'ನಿಮ್ಮ ಫಿಫಾ ಲಾಗಿನ್ ಕೊಡಿ, ನಾನೇ ಹಾಕಿ ಕೊಡ್ತೀನಿ' ಅಂದರೆ ಆ ಗುಂಪಿನಿಂದಲೇ ಹೊರಗೆ ಬನ್ನಿ.

ಈಗ ವೀಸಾ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಹಾಗೆ ನಂಬುವುದಕ್ಕೂ ಒಂದು ಕಾರಣ ಇದೆ. 2018ರಲ್ಲಿ ರಷ್ಯಾದಲ್ಲಿ ಟಿಕೆಟ್ ಇದ್ದವರಿಗೆ ಫ್ಯಾನ್ ಐಡಿ ಕೊಟ್ಟರು, ಬೇರೆ ವೀಸಾ ಬೇಕಿರಲಿಲ್ಲ. 2022ರಲ್ಲಿ ಕತಾರ್‌ನಲ್ಲಿ ಹಯ್ಯಾ ಕಾರ್ಡ್ ಅದೇ ಕೆಲಸ ಮಾಡಿತು. ಎರಡು ವಿಶ್ವಕಪ್ ಹೀಗೇ ನಡೆದದ್ದರಿಂದ, ಟಿಕೆಟ್ ಇದ್ದರೆ ದೇಶದೊಳಗೆ ಬಿಡುತ್ತಾರೆ ಅನ್ನುವುದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಈ ಸಲ ಹಾಗಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುತ್ತಿವೆ. ಮೂರಕ್ಕೂ ಅವರವರದೇ ವೀಸಾ ನಿಯಮ. ಅಮೆರಿಕಕ್ಕೆ ಮಾಮೂಲಿ ಪ್ರವಾಸಿ ವೀಸಾ, ಅಂದರೆ ಬಿ1/ಬಿ2 ಬೇಕು. ಒಬ್ಬರಿಗೆ 185 ಡಾಲರ್ ಫೀಸು. ಸಂದರ್ಶನಕ್ಕೆ ನಿಲ್ಲಬೇಕು. ವೀಸಾ ಕೊಡದಿದ್ದರೂ ಆ ಫೀಸು ವಾಪಸ್ ಬರಲ್ಲ.

ಟಿಕೆಟ್‌ನಿಂದ ಒಂದೇ ಒಂದು ಉಪಯೋಗ ಇದೆ. ಫಿಫಾದಿಂದ ನೇರವಾಗಿ ಟಿಕೆಟ್ ಕೊಂಡವರು ಸಂದರ್ಶನದ ದಿನಾಂಕವನ್ನು ಬೇಗ ಪಡೆಯಲಿ ಅಂತ 'ಫಿಫಾ ಪಾಸ್' ಎಂಬ ವ್ಯವಸ್ಥೆ ಮಾಡಿದ್ದಾರೆ. ಸಾಲಿನಲ್ಲಿ ಸ್ವಲ್ಪ ಮುಂದೆ ನಿಲ್ಲಿಸುತ್ತಾರೆ, ಅಷ್ಟೇ. ಕೌಂಟರಿನ ಆಚೆ ಕೂತ ಅಧಿಕಾರಿ ಕೇಳುವ ಪ್ರಶ್ನೆ ಎಲ್ಲರಿಗೂ ಒಂದೇ: ಇವರು ಹೋಗಿ ವಾಪಸ್ ಬರುತ್ತಾರಾ?

ಹಾಗಾಗಿ ನಿಮ್ಮ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಅಪ್ಪನ ಪಾಸ್‌ಪೋರ್ಟ್. ಟಿಕೆಟ್ ಆಮೇಲೆ. ಮಾಮೂಲಿ 36 ಪುಟದ್ದಕ್ಕೆ 1,500 ರೂಪಾಯಿ. ತತ್ಕಾಲ್‌ನಲ್ಲಿ ಇನ್ನೂ 2,000 ಸೇರಿ 3,500. ಈಗ ಫೆಬ್ರವರಿ, ಪಂದ್ಯಗಳು ಜೂನ್‌ನಲ್ಲಿ. ನಾನಾಗಿದ್ದರೆ ತತ್ಕಾಲ್ ಹಾಕುತ್ತಿದ್ದೆ. ಜನನ ಪ್ರಮಾಣಪತ್ರ ಇಲ್ಲ ಅಂತ ಗಾಬರಿ ಬೇಡ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಮಾತ್ರ ಅದು ಕಡ್ಡಾಯ. ಅಪ್ಪನ ವಯಸ್ಸಿನವರಿಗೆ ಪ್ಯಾನ್ ಕಾರ್ಡ್ ಅಥವಾ ಶಾಲೆಯ ಟಿಸಿ ನಡೆಯುತ್ತದೆ. ಆದರೆ ಎಲ್ಲದರಲ್ಲೂ ಹುಟ್ಟಿದ ತಾರೀಖು ಒಂದೇ ಇದೆಯಾ ನೋಡಿಕೊಳ್ಳಿ. ಹಳಬರ ಕಾಗದಗಳಲ್ಲಿ ಜೂನ್ 1 ಒಂದು ಕಡೆ, ಬೇರೆ ತಾರೀಖು ಇನ್ನೊಂದು ಕಡೆ ಇರುವುದು ಮಾಮೂಲು.

ಇಲ್ಲಿ ಹೆಸರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಫೈಲುಗಳು ಎಡವುವುದು ಸಾಮಾನ್ಯವಾಗಿ ಇಲ್ಲೇ. ಅಪ್ಪನ ಹೆಸರು ಗೋವಿಂದ, ಇನಿಷಿಯಲ್ ಆರ್ ಅಂತ ಇಟ್ಟುಕೊಳ್ಳಿ. ಆಧಾರ್‌ನಲ್ಲಿ 'ಗೋವಿಂದ ಆರ್' ಅಂತ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹೆಚ್ಚಿನವರು ಏನು ಮಾಡುತ್ತಾರೆ ಅಂದರೆ, ಸರ್‌ನೇಮ್ ಜಾಗ ಖಾಲಿ ಬಿಟ್ಟು 'ಗೋವಿಂದ' ಅಂತ ಒಂದನ್ನೇ ತುಂಬುತ್ತಾರೆ. ಪಾಸ್‌ಪೋರ್ಟ್ ಬಂದೇ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಅಮೆರಿಕದ ವೀಸಾಗೆ ಆನ್‌ಲೈನ್‌ನಲ್ಲಿ ತುಂಬುವ ಡಿಎಸ್-160 ಅರ್ಜಿಯಲ್ಲಿ ಒಂದೇ ಹೆಸರು ಇದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಚುಟುಕು) ಅಂತ ತುಂಬಬೇಕು. ವೀಸಾ ಮೇಲೂ ಹಾಗೇ ಅಚ್ಚಾಗುತ್ತದೆ. ವಿಮಾನದ ಟಿಕೆಟ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ ಹೆಸರಾಗಿ ಎಲ್ಲ ಕೌಂಟರಿನಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕು. ಅದರ ಬದಲು ಈಗಲೇ ಆರ್ ಅನ್ನುವುದನ್ನು ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕಿಸಿ. ಬೇಕಾದರೆ ಆಧಾರ್‌ನಲ್ಲೂ ಮೊದಲೇ ಸರಿಮಾಡಿಸಿ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಏನಿದೆ ಅಂತಲೂ ತೆಗೆದು ನೋಡಿ. ಫಿಫಾ ಖಾತೆಯ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಇಬ್ಬರದೂ ಡಿಎಸ್-160 ತುಂಬಿ, ಫೀಸು ಕಟ್ಟಿ, ಸಿಕ್ಕ ದಿನಾಂಕ ಹಿಡಿದುಕೊಳ್ಳಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು ನಿಜ. ಆದರೆ ವೀಸಾ ಕೆಲಸ ಅಲ್ಲಿ ಇನ್ನೂ ಶುರುವಾಗಿಲ್ಲ. ನಿಮಗೆ ಚೆನ್ನೈ ಅನುಕೂಲ, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಯಿತು. ಬೆರಳಚ್ಚು, ಫೋಟೊಗೆ ಒಂದು ಸಲ, ಸಂದರ್ಶನಕ್ಕೆ ಇನ್ನೊಂದು ಸಲ ಹೋಗಬೇಕು. ಎರಡೂ ಅಕ್ಕಪಕ್ಕದ ದಿನಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಅಪ್ಪ-ಮಗ ಒಂದೇ ಗುಂಪಾಗಿ ಅರ್ಜಿ ಹಾಕಿ, ಒಟ್ಟಿಗೆ ಕೌಂಟರಿಗೆ ಹೋಗಬಹುದು. ಅಪ್ಪನಿಗೆ ಇಂಗ್ಲಿಷ್ ಅಷ್ಟು ಬರದಿದ್ದರೂ ಚಿಂತೆ ಇಲ್ಲ, ಅಲ್ಲಿ ತಮಿಳಿನಲ್ಲೂ ಮಾತಾಡುತ್ತಾರೆ. ಕೆಜಿಎಫ್‌ನವರಿಗೆ ತಮಿಳು ಬರಲ್ಲ ಅಂದರೆ ಯಾರೂ ನಂಬಲ್ಲ!

ಸಂದರ್ಶನಕ್ಕೆ ಕತೆ ಕಟ್ಟಿಕೊಂಡು ಹೋಗಬೇಡಿ. 'ನಮ್ಮಪ್ಪನಿಗೆ ವಿಶ್ವಕಪ್ ತೋರಿಸಬೇಕು, ಚಿಕ್ಕಪ್ಪನ ಮಗನ ಮನೆಯಲ್ಲಿ ಇರ್ತೀವಿ, ಇಷ್ಟು ದಿನ, ಖರ್ಚು ನನ್ನದು, ಫ್ಯಾಕ್ಟರಿಯಲ್ಲಿ ರಜೆ ಕೊಟ್ಟಿದ್ದಾರೆ.' ಇದು ನಿಜ, ಇಷ್ಟೇ ಸಾಕು. ಸಂಬಳದ ಚೀಟಿ, ಫಾರ್ಮ್ 16, ರಜೆ ಪತ್ರ, ಮನೆ ಅಥವಾ ಜಮೀನಿನ ಕಾಗದ ಜೊತೆಗಿರಲಿ. ಅವರು ಕೇಳದೆಯೂ ಇರಬಹುದು. ಅಮೆರಿಕದಲ್ಲಿ ಸಂಬಂಧಿಕರಿದ್ದಾರೆ ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ. 'ಅದನ್ನ ಹೇಳಿದ್ರೆ ವೀಸಾ ಕೊಡಲ್ಲ' ಅಂತ ಸಲಹೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅರ್ಜಿಯಲ್ಲಿ ಸುಳ್ಳು ಸಿಕ್ಕಿದರೆ ಮುಂದೆ ಯಾವತ್ತೂ ಆ ದೇಶದ ಬಾಗಿಲು ತೆರೆಯದೇ ಇರಬಹುದು.

ಹಾಗಾದರೆ ಟಿಕೆಟ್ ಮೊದಲಾ, ವೀಸಾ ಮೊದಲಾ? ಎರಡನ್ನೂ ಒಟ್ಟಿಗೆ ನಡೆಸಿ, ಆದರೆ ಟಿಕೆಟ್‌ಗೆ ಕಡಿಮೆ ದುಡ್ಡು ಹಾಕಿ. ವೀಸಾ ಸಿಗಲಿಲ್ಲ ಅಂತ ಫಿಫಾ ದುಡ್ಡು ವಾಪಸ್ ಕೊಡಲ್ಲ. ಅವರ ಮರುಮಾರಾಟದ ಸೈಟಿನಲ್ಲಿ ಮಾರಿಕೊಳ್ಳಬಹುದು ಅಷ್ಟೇ. ವಿಮಾನದ ಟಿಕೆಟ್ಟನ್ನಂತೂ ಪಾಸ್‌ಪೋರ್ಟ್ ಮೇಲೆ ವೀಸಾ ಅಂಟುವ ತನಕ ಮುಟ್ಟಬೇಡಿ.

ಈಗ ಯಾವ ಪಂದ್ಯ ಅನ್ನುವುದಕ್ಕೆ ಬರೋಣ. ನನಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಪಂದ್ಯ ನೋಡಿ ಊರು ಆರಿಸಬೇಡಿ, ಊರು ನೋಡಿ ಪಂದ್ಯ ಆರಿಸಿ.

ಜೂನ್ 11ರಿಂದ ಜುಲೈ 19ರ ತನಕ 48 ತಂಡ, 104 ಪಂದ್ಯ, 16 ಊರು. ಈ ಊರುಗಳ ನಡುವಿನ ದೂರ ನಕ್ಷೆಯಲ್ಲಿ ಕಾಣುವ ಹಾಗಿಲ್ಲ. ಅರ್ಜೆಂಟೀನಾದ ಮೊದಲ ಪಂದ್ಯ ಜೂನ್ 16ಕ್ಕೆ ಕ್ಯಾನ್ಸಸ್ ಸಿಟಿಯಲ್ಲಿ ಅಲ್ಜೀರಿಯಾ ಜೊತೆ. 22ಕ್ಕೆ ಆಸ್ಟ್ರಿಯಾ ಜೊತೆ, 27ಕ್ಕೆ ಜೋರ್ಡಾನ್ ಜೊತೆ, ಎರಡೂ ಡಲ್ಲಾಸ್‌ನಲ್ಲಿ. ಡಲ್ಲಾಸ್ ಅಂತ ಹೆಸರು, ಆದರೆ ಸ್ಟೇಡಿಯಂ ಇರುವುದು ಪಕ್ಕದ ಆರ್ಲಿಂಗ್ಟನ್‌ನಲ್ಲಿ. ಊರೊಳಗೆ ರೈಲು, ಸಿಟಿ ಬಸ್ಸುಗಳ ಓಡಾಟ ಇಲ್ಲದ ಊರು ಅಂತಲೇ ಅದಕ್ಕೆ ಹೆಸರು. ನಿಮ್ಮವರು ಯಾರೂ ಅಲ್ಲಿಲ್ಲ. ಸ್ಯಾನ್ ಹೋಸೆಯಿಂದ ಇನ್ನೊಂದು ವಿಮಾನ, ವಿಶ್ವಕಪ್ ದರದ ಹೋಟೆಲ್, ಮಂಡಿ ನೋವಿನ ಅಪ್ಪ. ಇಷ್ಟೆಲ್ಲ ಆದ ಮೇಲೆ ಟಿಕೆಟ್? ಅರ್ಜೆಂಟೀನಾ ಪಂದ್ಯವನ್ನು ಎಲ್ಲರೂ ಬೇಡುತ್ತಾರೆ. ಮರುಮಾರಾಟದಲ್ಲಿ ಮೂಲ ಬೆಲೆಯ ಎಷ್ಟೋ ಪಟ್ಟು ಹೇಳುತ್ತಾರೆ.

ಮೆಸ್ಸಿಗಾಗಿ ಅಂತೀರಿ, ಗೊತ್ತು. ಜೂನ್ 24ಕ್ಕೆ ಅವರಿಗೆ 39 ತುಂಬುತ್ತದೆ. ಟಿಕೆಟ್ ಮೇಲೆ ತಂಡದ ಹೆಸರು ಇರುತ್ತದೆ, ಆಟಗಾರನ ಹೆಸರು ಇರಲ್ಲ. ಕಳೆದ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಮೆಸ್ಸಿ ಸರಿಯಾಗಿ ಕಾಣಿಸಲೂ ಇಲ್ಲ. ಕುರ್ಚಿ, ಬಾಟಲಿ ಹಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಒಬ್ಬ ಮನುಷ್ಯನನ್ನು ನಂಬಿ ಐದಾರು ಲಕ್ಷ ಖರ್ಚು ಮಾಡಬೇಡಿ.

ಬದಲಿಗೆ ಇದನ್ನು ನೋಡಿ. 'ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಸ್ಟೇಡಿಯಂ' ಅಂತ ಫಿಫಾ ಕರೆಯುವ ಮೈದಾನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಲ್ಲವೇ ಇಲ್ಲ. ಅದು ಸಾಂಟಾ ಕ್ಲಾರಾದಲ್ಲಿದೆ. ಅಂದರೆ ನಿಮ್ಮ ಚಿಕ್ಕಪ್ಪನ ಮಗ ಇರುವ ಸ್ಯಾನ್ ಹೋಸೆಯ ಮಗ್ಗುಲಲ್ಲೇ. ಹೆಸರು ನೋಡಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಟೆಲ್ ಹಿಡಿದವರು ಪಂದ್ಯದ ದಿನ ಒಂದು ಗಂಟೆಗೂ ಮೇಲೆ ಪ್ರಯಾಣ ಮಾಡಬೇಕು. ನಿಮಗೆ ಆ ತಾಪತ್ರಯ ಇಲ್ಲ. ಸ್ಟೇಡಿಯಂ ಬಾಗಿಲ ತನಕ ಲೈಟ್ ರೈಲ್ ಹೋಗುತ್ತದೆ.

ಅಲ್ಲಿ ಜೂನ್ 13ಕ್ಕೆ ಕತಾರ್–ಸ್ವಿಟ್ಜರ್‌ಲೆಂಡ್, 16ರ ರಾತ್ರಿ ಆಸ್ಟ್ರಿಯಾ–ಜೋರ್ಡಾನ್, 22ರ ರಾತ್ರಿ ಜೋರ್ಡಾನ್–ಅಲ್ಜೀರಿಯಾ, 25ಕ್ಕೆ ಪರಾಗ್ವೆ–ಆಸ್ಟ್ರೇಲಿಯಾ. ನಿಮ್ಮಪ್ಪನ ಅರ್ಜೆಂಟೀನಾ ಇರುವ ಗುಂಪಿನ ಉಳಿದ ಮೂರೂ ತಂಡಗಳು ಇಲ್ಲಿಗೆ ಬರುತ್ತವೆ. ಜೋರ್ಡಾನ್‌ಗೆ ಇದು ಮೊಟ್ಟಮೊದಲ ವಿಶ್ವಕಪ್. 2024ರ ಫೆಬ್ರವರಿಯಲ್ಲಿ ಏಷ್ಯನ್ ಕಪ್ ಫೈನಲ್‌ವರೆಗೆ ಬಂದ ತಂಡ ಅದು, ಲೆಕ್ಕಕ್ಕಿಲ್ಲದ ತಂಡವೇನಲ್ಲ. ನನ್ನ ಆಯ್ಕೆ ಜೂನ್ 22. ಯಾಕೆ ಅಂದರೆ, ಡಲ್ಲಾಸ್‌ನ ಅರ್ಜೆಂಟೀನಾ–ಆಸ್ಟ್ರಿಯಾ ಪಂದ್ಯ ಕ್ಯಾಲಿಫೋರ್ನಿಯಾ ಗಡಿಯಾರದಲ್ಲಿ ಬೆಳಿಗ್ಗೆ 10ಕ್ಕೆ ಶುರು. ಸಾಂಟಾ ಕ್ಲಾರಾದ ಪಂದ್ಯ ರಾತ್ರಿ 8ಕ್ಕೆ. ತಿಂಡಿ ತಿಂದು ಅಪ್ಪ ಟಿವಿಯಲ್ಲಿ ಅರ್ಜೆಂಟೀನಾ ನೋಡಲಿ, ಮಧ್ಯಾಹ್ನ ಒಂದು ನಿದ್ದೆ ಮಾಡಲಿ, ಸಂಜೆ ಅದೇ ಗುಂಪಿನ ಪಂದ್ಯವನ್ನು ಮೈದಾನದಲ್ಲಿ ಕೂತು ನೋಡಲಿ. ಡಲ್ಲಾಸ್‌ಗೆ ಹೋದರೂ ಇದಕ್ಕಿಂತ ಜಾಸ್ತಿ ಫುಟ್‌ಬಾಲ್ ಒಂದೇ ದಿನದಲ್ಲಿ ಸಿಗಲ್ಲ. ಸ್ವೆಟರ್ ಮಾತ್ರ ಒಯ್ಯಿರಿ, ಆ ಕಡೆ ಜೂನ್‌ನಲ್ಲೂ ರಾತ್ರಿ ತಣ್ಣಗಿರುತ್ತದೆ.

ಕೊಳ್ಳುವ ದಾರಿ ಈಗ ಎರಡೇ ಉಳಿದಿವೆ. ಲಾಟರಿ ಮುಗಿಯಿತು. ಡಿಸೆಂಬರ್ 11ರಿಂದ ಜನವರಿ 13ರ ತನಕ ನಡೆದ ಆ ಸುತ್ತಿನಲ್ಲಿ 50 ಕೋಟಿಗೂ ಜಾಸ್ತಿ ಟಿಕೆಟ್‌ಗೆ ಬೇಡಿಕೆ ಬಂತು ಅಂತ ಫಿಫಾ ಹೇಳಿದೆ. ಇರುವ ಟಿಕೆಟ್ ಅದರ ಒಂದು ಸಣ್ಣ ಪಾಲು ಅಷ್ಟೇ. ನಿಮಗೆ ಸಿಗದಿದ್ದದ್ದು ನಿಮ್ಮ ತಪ್ಪಲ್ಲ.

ಮೊದಲನೆಯ ದಾರಿ, ಏಪ್ರಿಲ್‌ನಲ್ಲಿ ಶುರುವಾಗುವ ಕೊನೆಯ ಸುತ್ತು. ಇದರಲ್ಲಿ ಲಾಟರಿ ಇಲ್ಲ, ಮೊದಲು ಬಂದವರಿಗೆ ಮೊದಲು. ಆನ್‌ಲೈನ್‌ನಲ್ಲೇ ಕ್ಯೂ ನಿಲ್ಲಿಸುತ್ತಾರೆ. ಖಾತೆಗೆ ಮೊದಲೇ ಲಾಗಿನ್ ಆಗಿ, ಪಾಸ್‌ವರ್ಡ್ ಹಿಂದಿನ ದಿನವೇ ಪರೀಕ್ಷಿಸಿ, ಒಂದೇ ಬ್ರೌಸರ್‌ನಲ್ಲಿ ಕಾಯಿರಿ. ಹತ್ತು ಕಿಟಕಿ ತೆರೆದು ಕೂತರೆ ಜಾಗ ಕಳೆದುಕೊಳ್ಳುವುದೇ ಹೆಚ್ಚು. ಒಂದು ಪಂದ್ಯಕ್ಕೆ ನಾಲ್ಕು, ಒಟ್ಟು ಟೂರ್ನಿಗೆ 40 ಟಿಕೆಟ್ ಮಿತಿ. ನಿಮಗೆ ಬೇಕಿರುವುದು ಎರಡು. ಎರಡನ್ನೂ ಒಂದೇ ಆರ್ಡರ್‌ನಲ್ಲಿ ಹಾಕಿ. ಬೇರೆ ಬೇರೆ ಹಾಕಿದರೆ ಅಪ್ಪ ಒಂದು ಮೂಲೆ, ನೀವೊಂದು ಮೂಲೆ.

ಬೆಲೆ ಈ ಸಲ ನಿಂತ ಕಡೆ ನಿಲ್ಲಲ್ಲ. ಬೇಡಿಕೆ ನೋಡಿ ಏರಿಸುವ, ಇಳಿಸುವ ಪದ್ಧತಿಯನ್ನು ವಿಶ್ವಕಪ್‌ಗೆ ಮೊದಲ ಸಲ ತಂದಿದ್ದಾರೆ. ಫೈನಲ್‌ನ ಉದಾಹರಣೆ ನೋಡಿ. ಕತಾರ್‌ನಲ್ಲಿ ಅತಿ ದುಬಾರಿ ಸಾಮಾನ್ಯ ಟಿಕೆಟ್ ಸುಮಾರು 1,600 ಡಾಲರ್ ಇತ್ತು. ಈ ಸಲ 6,730ರಿಂದ ಶುರುವಾಗಿ ಡಿಸೆಂಬರ್ ಸುತ್ತಿಗೆ 8,680 ಆಯಿತು. ಡಾಲರಿಗೆ 90 ರೂಪಾಯಿ ಹಿಡಿದರೂ 7 ಲಕ್ಷ 80 ಸಾವಿರದ ಮೇಲೆ, ಒಂದು ಕುರ್ಚಿಗೆ. ಜನ ಉಗಿದ ಮೇಲೆ ಎಲ್ಲ ಪಂದ್ಯಕ್ಕೂ ಸ್ವಲ್ಪ 60 ಡಾಲರಿನ ಟಿಕೆಟ್ ಇಟ್ಟರು. ಆದರೆ ಅವು ಹಂಚಿಕೆಯಾಗುವುದು ಆಡುವ ದೇಶಗಳ ಸಂಸ್ಥೆಗಳ ಮೂಲಕ. ನಮಗೆ ಅದು ಕನ್ನಡಿಯೊಳಗಿನ ಗಂಟು.

ಎರಡನೆಯ ದಾರಿ ಫಿಫಾದ್ದೇ ಮರುಮಾರಾಟದ ಸೈಟು. ಟಿಕೆಟ್ ಇದ್ದವರು ತಮಗೆ ಬೇಕಾದ ಬೆಲೆ ಹಾಕಿ ಮಾರುತ್ತಾರೆ. ಟಿಕೆಟ್ ಅಸಲಿ ಅನ್ನುವುದಕ್ಕೆ ಭಯವಿಲ್ಲ. ಆದರೆ ಕಮಿಷನ್ ಎರಡೂ ಕಡೆಯಿಂದ ಹಿಡಿಯುತ್ತಾರೆ, ಕೊಳ್ಳುವವನಿಂದ 15%, ಮಾರುವವನಿಂದ 15%. ಒಂದು ಲೆಕ್ಕ ಹಾಕೋಣ. ಮಾರುವವನು 200 ಡಾಲರ್ ಅಂತ ಹಾಕಿದ. ನೀವು ಕೊಡುವುದು 230. ಅವನ ಕೈಗೆ ಬರುವುದು 170. ನಡುವಿನ 60 ಫಿಫಾಗೆ! ಆ 230ಕ್ಕೆ 90ರ ಲೆಕ್ಕದಲ್ಲಿ 20,700 ರೂಪಾಯಿ. ಇದರ ಮೇಲೆ ನಿಮ್ಮ ಬ್ಯಾಂಕು ವಿದೇಶಿ ವ್ಯವಹಾರದ ಶುಲ್ಕ ಅಂತ 3.5% ಹಾಕಿದರೆ 725, ಆ ಶುಲ್ಕದ ಮೇಲೆ 18% ಜಿಎಸ್‌ಟಿ 130. ಒಟ್ಟು 21,555. ಪರದೆ ಮೇಲೆ 200 ಅಂತ ನೋಡಿ '18 ಸಾವಿರ ಅಷ್ಟೇ' ಅಂದುಕೊಂಡವರಿಗೆ ಮೂರೂವರೆ ಸಾವಿರ ಜಾಸ್ತಿ ಕಿತ್ತಿರುತ್ತದೆ. ಆದ್ದರಿಂದ ಸೈಟಿನಲ್ಲಿ ಕಂಡ ಬೆಲೆಗೆ ಸುಮಾರು 20% ಸೇರಿಸಿಕೊಂಡು ಯೋಚಿಸಿ. ದೊಡ್ಡ ತಂಡ ಇಲ್ಲದ ಗುಂಪು ಪಂದ್ಯಗಳಲ್ಲಿ, ಹೋಗಲಾಗದವರು ದಿನ ಹತ್ತಿರ ಬಂದ ಹಾಗೆ ಮಾರಲು ನೋಡುತ್ತಾರೆ. ಬೆಲೆ ಇಳಿದೇ ಇಳಿಯುತ್ತದೆ ಅಂತ ನಾನು ಮಾತು ಕೊಡಲ್ಲ. ಆದರೆ ಜೋರ್ಡಾನ್–ಅಲ್ಜೀರಿಯಾಗೆ ಈಗಲೇ ಮೈಮೇಲೆ ಬಿದ್ದು ಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಕಾರ್ಡ್ ಬಗ್ಗೆ ಒಂದು ಮಾತು. ಯುಪಿಐ ಅಲ್ಲಿ ನಡೆಯಲ್ಲ. ವೀಸಾ ಕಂಪನಿ ಈ ಟೂರ್ನಿಯ ಪ್ರಾಯೋಜಕ, ಅದರ ಕ್ರೆಡಿಟ್ ಕಾರ್ಡ್ ಇದ್ದರೆ ಒಳ್ಳೆಯದು. ನಮ್ಮಲ್ಲಿ ಹೊಸ ಕಾರ್ಡ್ ಬಂದಾಗ ವಿದೇಶಿ ವ್ಯವಹಾರ ಬಂದ್ ಆಗಿರುತ್ತದೆ, ರಿಸರ್ವ್ ಬ್ಯಾಂಕಿನ ನಿಯಮ ಅದು. ಬ್ಯಾಂಕಿನ ಆ್ಯಪ್‌ಗೆ ಹೋಗಿ 'ಇಂಟರ್‌ನ್ಯಾಷನಲ್', 'ಆನ್‌ಲೈನ್' ಎರಡನ್ನೂ ಆನ್ ಮಾಡಿ, ಮಿತಿಯನ್ನು ಏರಿಸಿ, ಕೊಂಡಾದ ಮೇಲೆ ಮತ್ತೆ ಆಫ್ ಮಾಡಿ. ಕ್ಯೂನಲ್ಲಿ ಮೂರು ಗಂಟೆ ಕಾದು, ಟಿಕೆಟ್ ಕೈಗೆ ಬರುವ ಹೊತ್ತಿಗೆ ಕಾರ್ಡ್ ಡಿಕ್ಲೈನ್ ಆದರೆ ಆ ಸಂಕಟ ಯಾರಿಗೂ ಬೇಡ. ವಿದೇಶಿ ಸೈಟುಗಳು ಓಟಿಪಿ ಕೇಳದೆಯೇ ದುಡ್ಡು ಎಳೆಯುವುದುಂಟು. ಅದಕ್ಕೇ ಆಮೇಲೆ ಆಫ್ ಮಾಡಿ ಅಂದದ್ದು.

ಅಪ್ಪನ ಮಂಡಿ. ಸಾಮಾನ್ಯವಾಗಿ ಅಗ್ಗದ ಕೆಟಗರಿಯ ಸೀಟುಗಳು ಮೇಲಿನ ಅಂತಸ್ತಿನಲ್ಲಿರುತ್ತವೆ. ಕಡಿದಾದ ಮೆಟ್ಟಿಲು, ಅದರಲ್ಲೂ ಇಳಿಯುವಾಗ ಕಷ್ಟ. ನಡೆಯಲು ತೊಂದರೆ ಇರುವವರಿಗೆ ಫಿಫಾ ಪ್ರತ್ಯೇಕ ಸೀಟುಗಳನ್ನು ಇಟ್ಟಿದೆ, ಕೊಳ್ಳುವಾಗ ಆ ವಿಭಾಗ ನೋಡಿ. ಅದು ಸಿಗದಿದ್ದರೆ ಒಂದು ಕೆಟಗರಿ ಮೇಲಿನದಕ್ಕೆ ದುಡ್ಡು ಹಾಕಿ. ಡಲ್ಲಾಸ್ ಬಿಟ್ಟು ಉಳಿಸಿದ ಹಣವನ್ನು ಇಲ್ಲಿ ಖರ್ಚು ಮಾಡಿದರೆ ಬೇಸರವಿಲ್ಲ. ಹಾಗೇ ಕೈಚೀಲ ಒಯ್ಯುವುದಾದರೆ ಒಳಗಿನದೆಲ್ಲ ಕಾಣುವ ಪಾರದರ್ಶಕ ಚೀಲವೇ ಆಗಬೇಕು, ಅಲ್ಲಿನ ಸ್ಟೇಡಿಯಂಗಳ ಪದ್ಧತಿ ಅದು. ಅಪ್ಪನ ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಇಟ್ಟುಕೊಳ್ಳಿ.

ಒಟ್ಟು ಖರ್ಚು ಕೇಳಿದ್ದೀರಿ. ವಿಮಾನಕ್ಕೆ ಒಬ್ಬರಿಗೆ ಒಂದೂವರೆ ಲಕ್ಷ ಅಂತ ಎತ್ತಿಡಿ. ಇಬ್ಬರ ವೀಸಾ ಫೀಸು 33 ಸಾವಿರ ಚಿಲ್ಲರೆ. ಪಾಸ್‌ಪೋರ್ಟ್ ಮೂರೂವರೆ ಸಾವಿರ. ಟಿಕೆಟ್ ಎರಡಕ್ಕೆ 45ರಿಂದ 60 ಸಾವಿರದೊಳಗೆ ಮುಗಿಸಲು ನೋಡಿ, ಅದಕ್ಕಿಂತ ಮೇಲೆ ಹೋದರೆ ಬೇರೆ ಪಂದ್ಯ ಹುಡುಕಿ. ಪ್ರಯಾಣ ವಿಮೆ ಅಪ್ಪನಿಗೆ ಕಡ್ಡಾಯ ಅಂತಲೇ ತಿಳಿಯಿರಿ, ಅಲ್ಲಿ ಆಸ್ಪತ್ರೆಗೆ ಕಾಲಿಟ್ಟರೆ ಬರುವ ಬಿಲ್ಲು ಈ ಪ್ರವಾಸದ ಖರ್ಚಿಗಿಂತ ದೊಡ್ಡದು. ಅಲ್ಲಿನ ಕೈಖರ್ಚು ಸೇರಿ ನಾಲ್ಕೂವರೆಯಿಂದ ಐದು ಲಕ್ಷ. ಚಿಕ್ಕಪ್ಪನ ಮಗನ ಮನೆಯಲ್ಲಿ ಉಳಿದುಕೊಳ್ಳುವ ಲೆಕ್ಕ ಇದು. ಹೋಟೆಲ್ ಸೇರಿದರೆ ಈ ಅಂಕಿ ನಿಲ್ಲಲ್ಲ. ಟ್ರಾವೆಲ್ಸ್‌ನವರ ಪೂರ್ತಿ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ ಅಂತ ಒಂದಿಷ್ಟು ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಸಾಲ ಮಾಡಿ ಹೋಗಬೇಕಾಗಿದ್ದರೆ ಬೇಡ ಅಂತೀನಿ. ನಿಮ್ಮ ಹತ್ತಿರ ಹಣ ಇದ್ದು, ಅಪ್ಪನ ಆರೋಗ್ಯ ಈಗ ಪ್ರಯಾಣಕ್ಕೆ ಸರಿ ಇದ್ದರೆ ಮುಂದಕ್ಕೆ ಹಾಕಬೇಡಿ. ವೀಸಾ ಸಿಕ್ಕರೆ ನಮ್ಮವರಿಗೆ ಸಾಮಾನ್ಯವಾಗಿ 10 ವರ್ಷಕ್ಕೆ ಕೊಡುತ್ತಾರೆ. ಈ ಜೂನ್ ತಪ್ಪಿದರೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಫುಟ್‌ಬಾಲ್‌ಗೆ ಅದೇ ವೀಸಾ ನಡೆಯುತ್ತದೆ. ಚಾಲ್ತಿ ಅಮೆರಿಕ ವೀಸಾ ಇದ್ದವರಿಗೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. 1986ರಲ್ಲಿ ಮರಡೋನಾ ಕೈಯಿಂದ ಆ ಗೋಲ್ ಹೊಡೆದ ಅಜ್ಟೆಕಾ ಮೈದಾನ ಅಲ್ಲೇ ಇರುವುದು, ಈ ವಿಶ್ವಕಪ್‌ನ ಮೊದಲ ಪಂದ್ಯವೂ ಅಲ್ಲೇ. ಇದನ್ನು ಅಪ್ಪನಿಗೆ ಈಗಲೇ ಹೇಳಬೇಡಿ, ಬಜೆಟ್ ಕೈಮೀರುತ್ತದೆ.

ವೀಸಾ ಸಿಗಲೇ ಇಲ್ಲ ಅನ್ನಿ. ಆಗ ಕೊಂಡ ಟಿಕೆಟ್ಟನ್ನು ಮರುಮಾರಾಟದ ಸೈಟಿನಲ್ಲಿ ಹಾಕಿ, ಬಂದಷ್ಟು ಹಣ ತೆಗೆದುಕೊಳ್ಳಿ. ಅಪ್ಪನ ಪಾಸ್‌ಪೋರ್ಟ್ ಹೇಗೂ ಕೈಯಲ್ಲಿರುತ್ತದೆ. 2027ರ ಜನವರಿ 7ರಿಂದ ಫೆಬ್ರವರಿ 5ರ ತನಕ ಸೌದಿ ಅರೇಬಿಯಾದಲ್ಲಿ ಏಷ್ಯನ್ ಕಪ್ ಇದೆ. ವಿಮಾನದಲ್ಲಿ ಕೆಲವೇ ಗಂಟೆ ದೂರ, ಖರ್ಚು ಇದರ ಸಣ್ಣ ಪಾಲು. ಜಪಾನ್, ಕೊರಿಯಾ, ಜೊತೆಗೆ ಇದೇ ಜೋರ್ಡಾನ್ ಕೂಡ ಅಲ್ಲಿ ಆಡುತ್ತದೆ. ಅರ್ಜೆಂಟೀನಾ ಮಾತ್ರ ಇರಲ್ಲ, ಆ ವಿಷಯ ಅಪ್ಪನಿಗೆ ನೀವೇ ಹೇಳಬೇಕು.